ಎಂಟು ಪುಟದ ಲೈಟುಕಂಬ

"ಹಾಳು ಮಾಡಿಬಿಟ್ಟೆ! ಪೂರ್ತಿ ಹಾಳು ಮಾಡಿಬಿಟ್ಟೆ ಕಣೇ!"

"ನಾನೊಬ್ಬಳೇ ಮಾಡಿದ್ನಾ? ಅಂಟಿಸೋವಾಗ ನೀನೂ ಪಕ್ಕದಲ್ಲೇ ಕೂತಿರಲಿಲ್ವಾ?"

"ಕೂತಿದ್ದೆ. ಗೋಂದು ಮುಟ್ಟೋಕೆ ಬಿಟ್ಟೆಯಾ ನೀನು? 'ನಿಂಗೊತ್ತಾಗಲ್ಲ, ಸುಮ್ನೆ ಕೂತ್ಕೋ' ಅಂದೆ. ಈಗ ನೋಡು, ಯಾರಿಗೆ ಗೊತ್ತಾಗಲ್ಲ ಅಂತ!"

ಜೆರಾಕ್ಸ್ ಅಂಗಡಿಯ ಆಂಟಿ ಎರಡೂ ಕಿವಿ ಮುಚ್ಚಿಕೊಂಡರು. "ಅಮ್ಮಂದಿರಾ, ಜಗಳ ಆಡೋದಾದ್ರೆ ಹೊರಗೆ ಆಡಿ. ನನ್ನ ಮೆಷಿನ್ನೇ ಇಷ್ಟು ಸದ್ದು ಮಾಡಲ್ಲ."

ಹಾಳು ಮಾಡಿದೆ ಎಂದು ಕೂಗುತ್ತಿದ್ದವಳನ್ನು ಎಲ್ಲರೂ ಕರೆಯುವುದು ರೇಡಿಯೋ ಎಂದು. ಒಂದನೇ ಕ್ಲಾಸಿನಿಂದಲೂ ಅವಳ ಸ್ವಿಚ್ ಎಲ್ಲಿದೆ ಎಂದು ಯಾವ ಟೀಚರಿಗೂ ಗೊತ್ತಾಗಿಲ್ಲ. ಬೈಸಿಕೊಳ್ಳುತ್ತಿದ್ದವಳು ಪೆನ್ಸಿಲ್. ಅವಳ ಕಿವಿಯ ಮೇಲೆ ಯಾವಾಗಲೂ ಒಂದು ಪೆನ್ಸಿಲ್ ಇರುತ್ತದೆ. ಸ್ನಾನಕ್ಕೆ ಹೋದರೂ ಇರುತ್ತದೆ ಎಂದು ಅವಳ ಅಮ್ಮ ಹೇಳುತ್ತಾರೆ.

ಐದನೇ ಕ್ಲಾಸಿನ ಈ ಇಬ್ಬರು ಎರಡು ತಿಂಗಳಿಂದ ಒಂದು ಕಾಮಿಕ್ಸ್ ಮಾಡುತ್ತಿದ್ದರು. ಚಿತ್ರ ಪೆನ್ಸಿಲ್‌ದು, ಮಾತು ರೇಡಿಯೋದು. ಎಂಟು ಪುಟ. ಒಂದು ಲೈಟುಕಂಬ ನಿಂತು ನಿಂತು ಬೇಜಾರಾಗಿ, ನೆಲದಿಂದ ಕಾಲು ಕಿತ್ತುಕೊಂಡು, ಬೀದಿ ಬಿಟ್ಟು ಹೊರಟುಹೋಗುತ್ತದೆ. ಎಂಟನೇ ಪುಟದಲ್ಲಿ ಅದು ಸಮುದ್ರದ ಮುಂದೆ ನಿಂತಿರುತ್ತದೆ. ಅಷ್ಟೇ ಕಥೆ.

ಆ "ಅಷ್ಟೇ"ಗೂ ಒಂದು ವಾರ ಜಗಳ ಆಗಿತ್ತು. "ಕೊನೆಗೆ ಕಂಬ ಮನೆಗೆ ವಾಪಸ್ ಬರ್ಬೇಕು. ಬೀದಿ ಎಲ್ಲ ಕತ್ತಲೆ ಆಗಿರುತ್ತೆ, ಪಾಪ," ಎಂದು ರೇಡಿಯೋ. "ಬರಲ್ಲ. ಬರೋದಾದ್ರೆ ಹೋಗೋದ್ಯಾಕೆ?" ಎಂದು ಪೆನ್ಸಿಲ್. ಚಿತ್ರ ಬರೆಯುವ ಕೈ ಪೆನ್ಸಿಲ್‌ದು ಆದ್ದರಿಂದ ಕಂಬ ಬರಲಿಲ್ಲ.

ನಾಳೆ ಶಾಲೆಯಲ್ಲಿ ವಸ್ತುಪ್ರದರ್ಶನ. ಇವರಿಗೂ ಒಂದು ಮೇಜು ಕೊಟ್ಟಿದ್ದರು. ಪೆನ್ಸಿಲ್‌ಳ ಅಪ್ಪ ತಮ್ಮ ಆಫೀಸಿನಲ್ಲಿ ಯಾರಿಗೂ ಬೇಡವಾಗಿ ಬಿದ್ದಿದ್ದ ಹಳದಿ ಕಾಗದ ಕೇಳಿ ತಂದುಕೊಟ್ಟಿದ್ದರು. ದೀಪದ ಬೆಳಕಿನಂಥದೇ ಹಳದಿ. ಮೂವತ್ತು ಪುಸ್ತಕಕ್ಕೆ ಸರಿಯಾಗಿ ಅರವತ್ತು ಹಾಳೆ. ಒಂದೂ ಹೆಚ್ಚಿರಲಿಲ್ಲ.

ಅರ್ಧ ಗಂಟೆಯ ಹಿಂದೆ ಎಲ್ಲವೂ ಚೆನ್ನಾಗಿತ್ತು. ಮುಚ್ಚಳದ ಸಂದಿಯಲ್ಲಿ ಒಂದು ಬೆಳಕಿನ ಗೆರೆ ಆ ಕಡೆಯಿಂದ ಈ ಕಡೆಗೆ ಹರಿದು ಹೋಗುತ್ತಿತ್ತು. ಮೆಷಿನ್ ಗುರ್ ಎನ್ನುತ್ತಿತ್ತು. ಪೆನ್ಸಿಲ್‌ಳ ಲೈಟುಕಂಬ ಇನ್ನೊಂದು ಕಡೆಯಿಂದ ಹೊರಗೆ ಬರುತ್ತಿತ್ತು. ಒಂದು, ಎರಡು, ಹತ್ತು, ಇಪ್ಪತ್ತು! ಕಾಗದ ಮುಟ್ಟಿದರೆ ಬೆಚ್ಚಗಿತ್ತು, ಆಗ ತಾನೇ ಹಾಸಿಗೆಯಿಂದ ಎದ್ದವರ ಕೈ ಹಾಗೆ. ಪೆನ್ಸಿಲ್ ಬಾಯಿ ತೆರೆದುಕೊಂಡು ನೋಡುತ್ತಲೇ ಇದ್ದಳು.

ಆಮೇಲೆ ಎರಡು ಹಾಳೆ ಒಂದರೊಳಗೊಂದು ಇಟ್ಟು ಮಡಚಿದರು. ಮೇಲೆ ಬಂದದ್ದು ಎರಡನೇ ಪುಟ.

ಪುಸ್ತಕದ ಹೆಸರು ಬರೆದ ಒಂದನೇ ಪುಟ ಎಲ್ಲಿ? ಹಿಂಬದಿಯಲ್ಲಿ ಕೂತಿತ್ತು. ತೆರೆದು ನೋಡಿದರೆ ಎರಡು, ಮೂರು, ಆರು, ಏಳು, ಎಂಟು, ಐದು, ನಾಲ್ಕು, ಒಂದು. ಪೆನ್ಸಿಲ್ ಜೆರಾಕ್ಸ್ ಮಾಡಿಸಲೆಂದು ಒಂದು ಹಾಳೆಗೆ ಒಂದರ ಪಕ್ಕ ಎರಡು ಅಂಟಿಸಿ, ಅದರ ಬೆನ್ನಿಗೆ ಮೂರರ ಪಕ್ಕ ನಾಲ್ಕು ಅಂಟಿಸಿದ್ದಳು. ಇನ್ನೊಂದು ಹಾಳೆಗೆ ಐದರ ಪಕ್ಕ ಆರು, ಬೆನ್ನಿಗೆ ಏಳರ ಪಕ್ಕ ಎಂಟು. ಓದುವಾಗ ಹಾಗೆ ತಾನೇ ಓದುವುದು? ಮಡಚಿದಾಗ ಕಾಗದ ಬೇರೆಯೇ ಲೆಕ್ಕ ಹಾಕುತ್ತದೆ ಎಂದು ಅವಳಿಗೆ ಹೇಗೆ ಗೊತ್ತಾಗಬೇಕು?

"ನಾಳೆ ನಾನು ಆ ಮೇಜಿನ ಹತ್ರ ಕೂರಲ್ಲ," ಎಂದಳು ರೇಡಿಯೋ. "ನಗೋರು ನಿನ್ನನ್ನೇ ನೋಡಿ ನಗಲಿ."

"ಹೋಗೇ! ನಿನಗಿರೋದು ಬಾಯಿ ಒಂದೇ!"

ರೇಡಿಯೋ ಚೀಲ ಹೆಗಲಿಗೆ ಹಾಕಿಕೊಂಡು ದಡದಡ ಮೆಟ್ಟಿಲು ಇಳಿದು ಹೋದಳು. ಆ ಮಾತು ಆಡಬಾರದಿತ್ತು ಎಂದು ಪೆನ್ಸಿಲ್‌ಗೆ ತಕ್ಷಣ ಅನ್ನಿಸಿತು. ಆದರೆ ಆಡಿದ್ದಾಗಿತ್ತು.

ಅಂಗಡಿಯ ಪಕ್ಕದ ಕೋಣೆಯಲ್ಲಿ ಬೈಂಡರ್ ಅಜ್ಜಿ ಇದ್ದರು. ಹರಿದ ಪುಸ್ತಕಕ್ಕೆ ಹೊಲಿಗೆ ಹಾಕಿ ರಟ್ಟು ಕಟ್ಟುವುದು ಅವರ ಕೆಲಸ. ಗೋಡೆ ತುಂಬ ದಾರದ ಉಂಡೆಗಳು, ಮೇಜಿನ ಮೇಲೆ ಅಂಟಿನ ಡಬ್ಬಿ, ದಬ್ಬಳ. ಜಗಳ ಪೂರ್ತಿ ಅವರ ಕಿವಿಗೆ ಬಿದ್ದಿತ್ತು.

"ಅಳೋದಾದ್ರೆ ಕಾಗದದ ಮೇಲೆ ಅಳಬೇಡ, ಕಾಗದ ಸುಕ್ಕುಗಟ್ಟುತ್ತೆ," ಎಂದರು ಅಜ್ಜಿ. "ತಾ ಇಲ್ಲಿ."

ಒಂದು ಪ್ರತಿ ತಿರುವಿ ನೋಡಿ ಗಹಗಹಿಸಿ ನಕ್ಕರು. ಪೆನ್ಸಿಲ್‌ಳ ಮುಖ ಕೆಂಪಾಯಿತು.

"ನಗಬೇಡಿ ಅಜ್ಜಿ!"

"ನಿನ್ನ ನೋಡಿ ನಗ್ತಿಲ್ವೇ. ನನ್ನ ನೋಡಿ ನಗ್ತಿದ್ದೀನಿ. ಕೆಲಸಕ್ಕೆ ಸೇರಿದ ವರ್ಷ ನಾನೂ ಒಂದು ದಪ್ಪ ಪುಸ್ತಕದ ಕೊನೆ ತಂದು ಮಧ್ಯಕ್ಕೆ ಹೊಲಿದುಬಿಟ್ಟಿದ್ದೆ."

"ಯಜಮಾನ್ರು ಬೈದ್ರಾ?"

"ಬೈದ್ರು. ನಾನೂ ಬೈದೆ. ಆಮೇಲೆ ಇಬ್ರೂ ಕೂತು ಬಿಚ್ಚಿದ್ವಿ."

ಅಜ್ಜಿ ಒಂದು ಖಾಲಿ ಹಾಳೆ ತೆಗೆದುಕೊಂಡರು. ಒಮ್ಮೆ ಮಡಚಿದರು. ಇನ್ನೊಮ್ಮೆ ಮಡಚಿದರು. ಕತ್ತರಿಸಲಿಲ್ಲ. "ನಿನ್ನ ಕಿವಿ ಮೇಲಿಂದು ಕೊಡು." ಪೆನ್ಸಿಲ್ ಕೊಟ್ಟಳು. ಅಜ್ಜಿ ಮಡಿಕೆಗಳ ನಡುವೆ ಬೆರಳು ತೂರಿಸಿ, ಪುಸ್ತಕ ತಿರುವಿದ ಹಾಗೆ ತಿರುವುತ್ತ, ಮೂಲೆ ಮೂಲೆಯಲ್ಲಿ ಬರೆದರು. ಒಂದು, ಎರಡು, ಮೂರು... ಎಂಟು.

"ಈಗ ಬಿಚ್ಚು."

ಪೆನ್ಸಿಲ್ ಬಿಚ್ಚಿದಳು.

ಅಂಕಿಗಳು ಹಾಳೆ ತುಂಬ ಚೆದುರಿಹೋಗಿದ್ದವು. ಎಂಟರ ಪಕ್ಕ ಒಂದು! ನಾಲ್ಕು ಮತ್ತು ಐದು ತಲೆಕೆಳಗಾಗಿ ನಿಂತಿದ್ದವು. ಬೆನ್ನಿಗೆ ತಿರುಗಿಸಿದರೆ ಎರಡರ ಪಕ್ಕ ಏಳು. ಒಂದಾದ ಮೇಲೆ ಎರಡು ಎಂಬ ಸಾಲೇ ಇರಲಿಲ್ಲ. ಮತ್ತೆ ಮಡಚಿದಳು. ಆಟದ ಬಯಲಿನಲ್ಲಿ ಚೆಲ್ಲಾಪಿಲ್ಲಿ ಓಡುತ್ತಿದ್ದ ಮಕ್ಕಳು ಬೆಲ್ ಹೊಡೆದ ಕೂಡಲೇ ಸಾಲು ನಿಂತಂತೆ, ಎಂಟೂ ಅಂಕಿ ಸರಿಯಾಗಿ ನಿಂತವು. ಬಿಚ್ಚಿದಳು, ಚೆದುರಿದವು. ಮಡಚಿದಳು, ನಿಂತವು. ಆರು ಸಲ ಮಾಡಿದಳು.

"ಎಲ್ಲಾ ಪುಸ್ತಕಾನೂ ಹೀಗೇನಾ ಅಜ್ಜಿ?"

"ಎಲ್ಲಾನೂ ಹೀಗೇ."

ಪೆನ್ಸಿಲ್ ತನ್ನ ಶಾಲೆಯ ಚೀಲವನ್ನೇ ದಿಟ್ಟಿಸಿದಳು. ಅದರೊಳಗೆ ಆರು ಪುಸ್ತಕ ಇದ್ದವು. ಇಷ್ಟು ದಿನ ಹೊತ್ತುಕೊಂಡು ತಿರುಗಿದ್ದಳು. ಅವುಗಳ ಹೊಟ್ಟೆಯಲ್ಲಿ ಹೀಗೊಂದು ಕಸರತ್ತು ನಡೆದಿದೆ ಎಂದು ಗೊತ್ತೇ ಇರಲಿಲ್ಲ.

"ಆದ್ರೆ ನಂದು ಹಾಳಾಯ್ತಲ್ಲ. ಹಳದಿ ಕಾಗದ ಮುಗಿದೇಹೋಯ್ತು."

"ಹಾಳಾಗಿರೋದಾದ್ರೂ ನೆಟ್ಟಗೆ ಹೊಲಿ," ಎಂದು ಅಜ್ಜಿ ಸೂಜಿದಾರ ಕೈಗೆ ಕೊಟ್ಟರು. "ಮೂರು ತೂತು. ನಡುವಿನಿಂದ ಶುರು, ನಡುವಲ್ಲೇ ಗಂಟು."

"ನೀವು ಕಥೆ ಓದಲ್ವಾ?"

"ಓದ್ತಾ ಕೂತ್ರೆ ಹೊಲಿಯೋರ್ಯಾರು?"

ಮೊದಲನೆಯ ಪುಸ್ತಕದ ಹೊಲಿಗೆ ಸೊಟ್ಟಗೆ ಬಂತು. ಹತ್ತನೆಯದು ಪರವಾಗಿಲ್ಲ. ಮೂವತ್ತನೆಯದು ನೋಡಿ ಅಜ್ಜಿ "ಹೂಂ" ಎಂದರು. ಅವರ "ಹೂಂ" ಸುಮ್ಮನೆ ಬೀಳುವಂಥದ್ದಲ್ಲ ಎಂದು ಜೆರಾಕ್ಸ್ ಆಂಟಿ ಆಮೇಲೆ ಹೇಳಿದರು.

ಮರುದಿನ ಶಾಲೆಯ ಹಾಲ್‌ನಲ್ಲಿ ಮೇಜಿನ ಮೇಲೆ ಮೂವತ್ತು ಹಳದಿ ಪುಸ್ತಕ. ಮುಂದೆ ಒಂದು ರಟ್ಟು: "ನಾವೇ ಮಾಡಿದ ಕಾಮಿಕ್ಸ್. ಬೇಕಾದವರು ತೆಗೆದುಕೊಂಡು ಹೋಗಬಹುದು." ರೇಡಿಯೋ ಬಂದಿದ್ದಳು. ಟೀಚರ್ ಬೈಯುತ್ತಾರೆಂದು ಬಂದಿದ್ದಳು. ಬೆಂಚಿನ ಆ ತುದಿಯಲ್ಲಿ ಅವಳು, ಈ ತುದಿಯಲ್ಲಿ ಪೆನ್ಸಿಲ್. ನಡುವೆ ಇನ್ನೂ ಮೂವರು ಕೂರಬಹುದಿತ್ತು.

ಜನ ಬಂದರು. ಪಕ್ಕದ ಮೇಜಿನ ಮಣ್ಣಿನ ಜ್ವಾಲಾಮುಖಿಯಿಂದ ನೊರೆ ಉಕ್ಕುತ್ತಿತ್ತು. ಎಲ್ಲರೂ ಅಲ್ಲೇ. ಕೆಲವರು ಹಾದುಹೋಗುತ್ತ ಇವರ ಪುಸ್ತಕ ಎತ್ತಿಕೊಂಡು, ಎರಡು ಪುಟ ತಿರುವಿ, ಇಟ್ಟುಬಿಟ್ಟರು.

ಏಳನೇ ಕ್ಲಾಸಿನ ಒಬ್ಬ, "ಇದಕ್ಕೆ ಹೆಸರು ಹಿಂದಗಡೆ ಇದೆ ಕಣ್ರೋ! ಉಲ್ಟಾ ಪುಸ್ತಕ!" ಎಂದು ಕೂಗಿ ಗೆಳೆಯರನ್ನು ಕರೆದ. ಅವರೂ ನಕ್ಕು, ಇಟ್ಟುಹೋದರು. ಒಬ್ಬರು ಟೀಚರ್ ನಿಂತು ನೋಡಿ, "ಬಣ್ಣ ಹಾಕಬೇಕಿತ್ತು," ಎಂದರು. ಅವರೂ ಇಟ್ಟರು.

ಮಧ್ಯಾಹ್ನಕ್ಕೂ ಮೂವತ್ತು ಪುಸ್ತಕ ಹಾಗೇ ಇದ್ದವು. ಪೆನ್ಸಿಲ್ ಯಾರೂ ನೋಡದಿರುವಾಗ ಎಣಿಸಿದಳು. ರೇಡಿಯೋ ಕೂಡ ಎಣಿಸುತ್ತಿದ್ದಳು, ತುಟಿ ಅಲ್ಲಾಡುತ್ತಿತ್ತು.

ಆಗ ಹಾಲ್‌ನ ಕರೆಂಟು ಹೋಯಿತು. ಹೊರಗೆ ಬೀದಿಯ ಕಂಬ ಹತ್ತಿ ಕೆಲಸ ಮಾಡುತ್ತಿದ್ದ ಲೈನ್‌ಮನ್ ಒಬ್ಬರನ್ನು ಹೆಡ್‌ಮಿಸ್ ಕರೆತಂದರು. ದಪ್ಪ ಬೂಟು, ಹೆಗಲಿಗೆ ಸಾಮಾನಿನ ಚೀಲ. ಅವರು ಮೇನ್ ಸ್ವಿಚ್ ಸರಿ ಮಾಡಿದರು, ಫ್ಯಾನು ತಿರುಗಿತು. ಹೊರಗೆ ಹೋಗುತ್ತ ಈ ಮೇಜಿನ ಮುಂದೆ ಗಕ್ಕನೆ ನಿಂತರು.

ಮೇಲಿನ ಪುಟದಲ್ಲಿ ಲೈಟುಕಂಬ ನೆಲದಿಂದ ಕಾಲು ಕೀಳುತ್ತಿತ್ತು.

"ಯಾರು ಬರೆದಿದ್ದು ಇದು?"

ಪೆನ್ಸಿಲ್ ಎದ್ದು ನಿಂತಳು. ಬೈಸಿಕೊಳ್ಳುವುದು ಇನ್ನೊಂದು ಬಾಕಿ ಇತ್ತಲ್ಲ.

"ಕಂಬ ಕಿತ್ತುಕೊಂಡು ಹೋದ್ರೆ ಕರೆಂಟು ಎಲ್ಲಿಂದ ಬರುತ್ತೆ? ಲೈಟು ಉರೀತಾನೇ ಇದೆಯಲ್ಲ!"

"ವೈರ್ ಸೊಂಟಕ್ಕೆ ಸುತ್ಕೊಂಡಿದೆ ಅಂಕಲ್, ನೋಡಿ," ಎಂದಿತು ಬೆಂಚಿನ ಆ ತುದಿ. ರೇಡಿಯೋಗೆ ತಡೆಯಲಾಗಲಿಲ್ಲ. "ಒಂದು ರಾತ್ರಿಗೆ ಆಗೋಷ್ಟು ಕರೆಂಟು ಕುಡಿದು ಹೊರಟಿದೆ."

"ಓಹೋ," ಎಂದರು ಲೈನ್‌ಮನ್. "ಹಾಗೆ ಹೇಳು ಮತ್ತೆ."

ಅವರು ನಿಂತಲ್ಲೇ ಓದತೊಡಗಿದರು. ಕರಿ ಹತ್ತಿದ ಬೆರಳು ಒಂದೊಂದು ಚೌಕದ ಮೇಲೂ ನಿಂತು ಮುಂದೆ ಹೋಗುತ್ತಿತ್ತು. ತುಟಿ ಮೆಲ್ಲಗೆ ಆಡುತ್ತಿತ್ತು. ಅಷ್ಟು ದೊಡ್ಡ ಮನುಷ್ಯ, ಪೆನ್ಸಿಲ್ ತನ್ನ ಮನೆಯ ನೆಲದ ಮೇಲೆ ಬೋರಲು ಮಲಗಿ ಬರೆದ ಬೀದಿಯಲ್ಲಿ ನಡೆದು ಹೋಗುತ್ತಿದ್ದರು! ಜ್ವಾಲಾಮುಖಿಯ ಕಡೆಯಿಂದ ಅಷ್ಟು ಗದ್ದಲ ಬಂದರೂ ತಲೆ ಎತ್ತಲಿಲ್ಲ.

ಬೀದಿಯ ತಿರುವು. ಗುಡ್ಡ. ಮರಳು. ಪುಸ್ತಕದ ನಟ್ಟನಡುವೆ ಸಮುದ್ರ ಬಂತು. ಅವರು ಅಲ್ಲಿ ಬಹಳ ಹೊತ್ತು ನಿಂತರು. "ಅಬ್ಬಾ," ಎಂದರು ತಮಗೆ ತಾವೇ.

ಈಗ ಹಾಳಾಗುತ್ತದೆ ಎಂದು ಪೆನ್ಸಿಲ್ ಕಣ್ಣು ಮುಚ್ಚಿಕೊಂಡಳು.

ಅವರು ಪುಟ ತಿರುವಿದರು. ಸಮುದ್ರ ಆದ ಮೇಲೆ ಸೇತುವೆ. ಸೇತುವೆ ಆದ ಮೇಲೆ ಒಂದು ನಾಯಿ. "ಎಲ್ಲಿಗೆ?" ಎನ್ನುತ್ತದೆ ನಾಯಿ. "ಈ ಕಡೆಗೆ," ಎನ್ನುತ್ತದೆ ಕಂಬ. ಆಮೇಲೆ ಹಿಂಬದಿಯ ಪುಟ: ಒಂದು ಬೀದಿ, ಅದರ ಕೊನೆಯಲ್ಲಿ ಲೈಟುಕಂಬ. ಅಡಿಯಲ್ಲಿ ರೇಡಿಯೋ ಬರೆದ ಸಾಲು: "ಒಂದು ಲೈಟುಕಂಬ ಇತ್ತು. ಅದಕ್ಕೆ ನಿಂತು ನಿಂತು ಬೇಜಾರಾಗಿತ್ತು."

ಲೈನ್‌ಮನ್ ಜೋರಾಗಿ ನಕ್ಕರು. "ಸಮುದ್ರ ನೋಡಿ ವಾಪಸ್ ಬಂತು! ಬಂದು ನಿಂತ್ಕೊಂಡು ಮತ್ತೆ ಬೇಜಾರು!" ಎಂದು ಪುಸ್ತಕ ತಿರುಗಿಸಿದರು. ಮುಂಬದಿಯ ಪುಟದಲ್ಲಿ ಕಂಬ ಮತ್ತೆ ಕಾಲು ಕೀಳುತ್ತಿತ್ತು. "ನೋಡಿದ್ರಾ! ಹೊರಟೇಬಿಡ್ತು!"

ರೇಡಿಯೋ ರಾಶಿಯಿಂದ ಒಂದು ಪುಸ್ತಕ ಎಳೆದುಕೊಂಡು ಗಬಗಬ ಪುಟ ತಿರುವಿದಳು. ಕೊನೆಗೆ ಬಂದಳು. ತಲೆ ಎತ್ತಿದಳು. "ವಾಪಸ್ ಬರುತ್ತೆ ಕಣೇ," ಎಂದಳು, ಪಿಸುಗುಟ್ಟಿದಳು ಎನ್ನಬೇಕು. ಅವಳು ಪಿಸುಗುಟ್ಟಿದ್ದನ್ನು ಅದುವರೆಗೆ ಯಾರೂ ಕೇಳಿರಲಿಲ್ಲ. ಬೆಂಚಿನ ಮೇಲೆ ಸರಿಯುತ್ತ ಸರಿಯುತ್ತ ಇತ್ತ ಬಂದುಬಿಟ್ಟಳು.

ವಾಪಸ್ ಬರುವುದನ್ನು ಪೆನ್ಸಿಲ್ ಬರೆದಿರಲಿಲ್ಲ. ರೇಡಿಯೋನೂ ಬರೆದಿರಲಿಲ್ಲ. ಮತ್ತೆ ಅದು ಹೇಗೆ ಬಂತು?

ಲೈನ್‌ಮನ್ ಮಾತ್ರ ಆಗಲೇ ಬಾಗಿಲ ಕಡೆ ನಡೆಯುತ್ತಿದ್ದರು. ಪುಸ್ತಕ ಕೈಯಲ್ಲೇ ಇತ್ತು. ಎರಡನೇ ಸಲ ಓದುತ್ತಿದ್ದರು. ಮೆಟ್ಟಿಲ ಹತ್ತಿರ ಒಮ್ಮೆ ಎಡವಿದರು, ಆದರೂ ಕಣ್ಣು ತೆಗೆಯಲಿಲ್ಲ.

"ಲೇ, ಪುಸ್ತಕ ಇಡ್ಲೇ ಇಲ್ಲ ಅವ್ರು!" ರೇಡಿಯೋ ಏಳಲು ಹೋದಳು.

ಪೆನ್ಸಿಲ್ ಅವಳ ತೋಳು ಹಿಡಿದಳು. "ಬಿಡೇ."

ಇಬ್ಬರೂ ಜಗಲಿಗೆ ಓಡಿಬಂದು ನಿಂತರು. ಲೈನ್‌ಮನ್ ಬಯಲು ದಾಟಿದರು. ಗೇಟಿನ ಹತ್ತಿರ ನಿಂತು ತಲೆ ಎತ್ತಿ, ಬೀದಿಯ ಕಂಬವನ್ನು ಮೇಲಿಂದ ಕೆಳಗೆ, ಅದರ ಬುಡದವರೆಗೂ ನೋಡಿದರು. ಆಮೇಲೆ ತಿರುವಿನಲ್ಲಿ ಮರೆಯಾದರು. ಹಳದಿ ಬಣ್ಣ ಒಂದು ಕ್ಷಣ ಮಿಂಚಿ ಅದೂ ಮರೆಯಾಯಿತು.

"ವಾಪಸ್ ಬರ್ತಾರಾ, ಪುಸ್ತಕ ಇಡೋಕೆ?" ಎಂದಳು ರೇಡಿಯೋ.

ಪೆನ್ಸಿಲ್‌ಗೆ ಅವರ ಹೆಸರು ಗೊತ್ತಿರಲಿಲ್ಲ, ಮನೆ ಗೊತ್ತಿರಲಿಲ್ಲ. ಆ ಮನೆಯಲ್ಲಿ ಇವತ್ತು ಸಂಜೆ ಯಾರೋ ಆ ಪುಟಗಳನ್ನು ತೆರೆಯುತ್ತಾರೆ. ಅವರಿಗೆ ಕಂಬ ಎಷ್ಟು ಸಲ ಹೋಗುತ್ತದೋ, ಎಷ್ಟು ಸಲ ಬರುತ್ತದೋ. ಅವಳು ಅಲ್ಲಿರುವುದಿಲ್ಲ.

ಕಿವಿಯ ಮೇಲಿನ ಪೆನ್ಸಿಲನ್ನು ಒಮ್ಮೆ ಮುಟ್ಟಿ ನೋಡಿಕೊಂಡಳು. ಗೇಟಿನ ಆಚೆ ಬೀದಿ ಖಾಲಿ ಇತ್ತು. ಒಳಗೆ ಮೇಜಿನ ಮೇಲೆ ಇಪ್ಪತ್ತೊಂಬತ್ತು ಪುಸ್ತಕ ಇದ್ದವು. ಅವಳು ಎಣಿಸಲು ಹೋಗಲಿಲ್ಲ, ಗೇಟನ್ನೇ ನೋಡುತ್ತ ನಿಂತಿದ್ದಳು. ಸಂಜೆಯ ಬೆಲ್ ಹೊಡೆಯುವವರೆಗೂ ಲೈನ್‌ಮನ್ ಬರಲಿಲ್ಲ, ಪುಸ್ತಕವೂ ಬರಲಿಲ್ಲ.