ಗಂಟೆಯ ನಾಲಿಗೆ ನುಂಗಿದ ಮೀನು

ಬಹಳ ಹಿಂದೆ, ಗಾಳಿಯೂ ದಾರಿ ಕೇಳಿಕೊಂಡು ಹೋಗಬೇಕಾದಷ್ಟು ದೂರದ ಒಂದು ರಾಜ್ಯದಲ್ಲಿ ಸುರಗಿಪುರ ಎಂಬ ಊರಿತ್ತು. ಆ ಊರಬಾಗಿಲಿಗೆ ಒಂದು ಕಂಚಿನ ಗಂಟೆ ಕಟ್ಟಿದ್ದರು. ಹೊತ್ತು ಮುಳುಗುವಾಗ ಅದನ್ನು ಹೊಡೆದರೆ ಮೇಯಲು ಹೋದ ದನಗಳು, ಆಡಲು ಹೋದ ಮಕ್ಕಳು, ಹೊಲಕ್ಕೆ ಹೋದವರು ಎಲ್ಲರೂ ಮನೆಯ ಕಡೆ ತಿರುಗುತ್ತಿದ್ದರು.

ಆ ಊರಿನಲ್ಲಿ ಒಂದು ಪದ್ಧತಿಯಿತ್ತು. ಮದುವೆಯಾಗಿ ಹೋದ ಮಗಳು ತವರಿಗೆ ಬಂದರೆ ನೇರವಾಗಿ ಒಳಗೆ ನುಗ್ಗುವುದಿಲ್ಲ. ಕಾಲುಂಗುರದಿಂದ ಹೊಸಿಲಿಗೆ ಎರಡು ಸಲ ಮೆಲ್ಲಗೆ ತಟ್ಟಿ ನಿಲ್ಲುತ್ತಾಳೆ. ಕೂಗುವುದಿಲ್ಲ, ಬಾಗಿಲು ಬಡಿಯುವುದಿಲ್ಲ. ತಾಯಿ ಚೆಂಬಿನಲ್ಲಿ ನೀರು ತಂದು ಕಾಲಿಗೆ ಹಾಕಿದ ಮೇಲೆಯೇ ಒಳಗೆ ಹೋಗುವುದು.

ಹೂ ಕಟ್ಟುವವರ ಮನೆಯ ಮಗಳು ಮಾಚಲೆ. ಅವಳನ್ನು ಏಳು ಬೆಟ್ಟಗಳ ಆಚೆಗೆ ಕೊಟ್ಟಿದ್ದರು. ಗಂಡ ಒಳ್ಳೆಯವನು, ಅತ್ತೆಯೂ ಕೆಟ್ಟವಳಲ್ಲ. ಆದರೆ ಅಲ್ಲಿ ಸಂಜೆಗೆ ಗಂಟೆ ಇರಲಿಲ್ಲ. ಹೊತ್ತು ಇಳಿಯುತ್ತಿದ್ದಂತೆ ಅವಳ ಕೈಯ ಕೆಲಸ ನಿಲ್ಲುತ್ತಿತ್ತು, ಕಿವಿ ತವರಿದ್ದ ಮೂಡಣದ ಕಡೆ ತಿರುಗುತ್ತಿತ್ತು. ಅತ್ತೆ ಇದನ್ನು ನೋಡಿ ನೋಡಿ, ಒಂದು ದಿನ ತಾನೇ ಬುತ್ತಿ ಕಟ್ಟಿಕೊಟ್ಟು ಹೋಗಿ ಬಾ ಎಂದಳು.

ಮಾಚಲೆ ಏಳು ಬೆಟ್ಟ ಹತ್ತಿದಳು, ಏಳು ಬೆಟ್ಟ ಇಳಿದಳು. ಊರು ಇರಬೇಕಾದಲ್ಲಿ ನೀರಿತ್ತು. ಕಣ್ಣು ಹಾಯುವವರೆಗೂ ಹಸಿರು ನೀರು. ದಡದ ಹತ್ತಿರ ಊರಬಾಗಿಲ ಮೇಲರ್ಧ ಮಾತ್ರ ಮೇಲೆದ್ದಿತ್ತು, ಅದರಲ್ಲಿ ಗಂಟೆ ತೂಗುತ್ತಿತ್ತು. ಗಾಳಿ ಬೀಸಿದರೂ ಅದು ದನಿ ಮಾಡಲಿಲ್ಲ.

ದಡದಲ್ಲಿ ಒಂದು ಮುದಿ ನೀರುನಾಯಿ ಕೂತಿತ್ತು. ಅದು ಅವಳನ್ನು ಮೇಲಿನಿಂದ ಕೆಳಗೆ ನೋಡಿ, "ಹೂವಿನವರ ಹುಡುಗಿ ಅಲ್ಲವಾ ನೀನು? ನಿಮ್ಮಪ್ಪನ ಮೂಗು ಏಳು ಬೆಟ್ಟ ದಾಟಿದರೂ ಸವೆದಿಲ್ಲ," ಎಂದಿತು.

ಆ ಮಾತಿನ ಧಾಟಿಯಿಂದಲೇ ಅವಳಿಗೆ ಗೊತ್ತಾಯಿತು. ಅವನು ಊರಿನಲ್ಲಿ ಗಾಳ ಹಾಕುತ್ತಿದ್ದ ಕಾಳಮಾವ.

ನಡೆದದ್ದನ್ನು ಅವನು ಹೇಳಿದ. ಬೂದಿಗಣ್ಣ ಎಂಬ ಮಾಂತ್ರಿಕನಿಗೆ ಮನೆಯೇ ಇರಲಿಲ್ಲ. ಸಂಜೆಯಾದರೆ ಎಲ್ಲರನ್ನೂ ಕರೆಯುವ ಗಂಟೆ ತನ್ನನ್ನು ಮಾತ್ರ ಎಲ್ಲಿಗೂ ಕರೆಯುವುದಿಲ್ಲವೆಂದು ಅವನಿಗೆ ಹೊಟ್ಟೆಯುರಿ. ಗಂಟೆಯ ನಾಲಿಗೆ ಕಿತ್ತು ಒಂದು ಅಗಲಬಾಯಿಯ ಮೀನಿಗೆ ನುಂಗಿಸಿ, ಊರ ಮೇಲೆ ನೀರು ಬಿಟ್ಟ. ಊರವರು ಸತ್ತಿಲ್ಲ. ಮನೆಗೆ ಕರೆಯುವ ಸದ್ದಿಲ್ಲದೆ ನೀರಿನಡಿಯಲ್ಲಿ ನಿಂತಲ್ಲೇ ನಿಂತಿದ್ದಾರೆ. ದಡದಲ್ಲಿದ್ದ ಕಾಳಮಾವನನ್ನು ನೀರುನಾಯಿ ಮಾಡಿದ, ನೀರು ಮುಟ್ಟಿದರೆ ಮೈ ಸುಡುವಂತೆಯೂ ಮಾಡಿದ.

"ಮೀನು ಹಿಡಿದರೆ ನಾಲಿಗೆ ಸಿಗುತ್ತದೆ, ಗಂಟೆ ಹೊಡೆದರೆ ನೀರು ಇಳಿಯುತ್ತದೆ. ಆದರೆ ಈ ಕೆರೆಗೆ ಅವನ ಕಟ್ಟಳೆ ಇದೆ. ಗಾಳ ಬರಿದಾಗಿ ಮೇಲೆ ಬಂದಾಗಲೆಲ್ಲ ನಿನ್ನ ನೆನಪಿನಿಂದ ಒಂದನ್ನು ಕೀಳುತ್ತಾನೆ. ಮೂರನೆಯ ಸಲ ಊರನ್ನೇ ಕೀಳುತ್ತಾನೆ. ಹೊರಗೆ ಊರನ್ನು ನೆನೆಯುವ ಮನುಷ್ಯರು ಯಾರೂ ಇಲ್ಲವಾದರೆ ಕೆಳಗಿರುವುದೆಲ್ಲ ಕೆಸರಾಗಿಬಿಡುತ್ತದೆ."

ಮಾಚಲೆ ಹುಟ್ಟಿದ ಮೇಲೆ ಗಾಳ ಹಿಡಿದವಳಲ್ಲ. ಕಲಿಸು ಎಂದಳು.

ಕಾಳಮಾವ ಬಿಲದಿಂದ ತನ್ನ ಹಳೆಯ ಬಿದಿರ ಕೋಲು, ರೇಷ್ಮೆ ನೂಲು ಹೊರತೆಗೆಸಿದ. ಹುಣಸೆಬೀಜದಷ್ಟು ಸೀಸ ಕರಗಿಸಿ ಕೊಕ್ಕೆಯ ಕುತ್ತಿಗೆಗೆ ಎರಕ ಹೊಯ್ಯಿಸಿದ. ಹುಂಜದ ಗರಿಯನ್ನು ಅದರ ಸುತ್ತ ಲಂಗದಂತೆ ಕಟ್ಟಲು ಹೇಳಿದ. ಮಾಲೆ ಕಟ್ಟುವ ಗಂಟಿನಿಂದಲೇ ಅವಳು ಕಟ್ಟಿದಳು. ಎರೆಹುಳ ಬೇಡವೇ ಎಂದು ಅವಳು ಕೇಳಿದ್ದಕ್ಕೆ ಅವನು ನಕ್ಕ. ಆ ಮೀನಿನ ಹೊಟ್ಟೆಯಲ್ಲಿ ಕಂಚು ಕೂತಿದೆ, ಅದಕ್ಕೆ ಹಸಿವೆಂಬುದಿಲ್ಲ. ತಾನು ಮಲಗುವ ಜಾಗದ ಮುಂದೆ ಈ ಗಾಳ ಸಣ್ಣ ಏಡಿಯಂತೆ ಕುಪ್ಪಳಿಸಿದರೆ ಮಾತ್ರ ಸಿಟ್ಟಿನಿಂದ ಬಾಯಿ ಹಾಕುತ್ತದೆ.

"ಗಾಳ ತಳ ಮುಟ್ಟಲಿ. ತುಸು ಎತ್ತು, ಮತ್ತೆ ಬೀಳಲು ಬಿಡು. ನೂಲು ಸಡಿಲವಾಗಬಾರದು. ಎತ್ತುವಾಗ ಮೀನು ನೋಡುತ್ತದೆ, ಬೀಳುವಾಗ ಹಿಡಿಯುತ್ತದೆ. ಎತ್ತುವುದು ಯಾರಿಗಾದರೂ ಬರುತ್ತದೆ ಮಗಾ, ಬೀಳಲು ಬಿಡುವುದೇ ಕಷ್ಟ."

ಮೊದಲು ಅವಳ ಕಣ್ಣಿಗೆ ಬಟ್ಟೆ ಕಟ್ಟಿಸಿ ಹುಲ್ಲಿನ ಮೇಲೆ ಗಾಳ ಎಸೆಸಿದ. ಕಲ್ಲಿನ ಮೇಲೆ ಬಿದ್ದರೆ ನೂಲಿನಲ್ಲಿ ಟಕ್ಕೆಂದು ಬರುತ್ತದೆ, ಕೆಸರಾದರೆ ಹೀರಿಕೊಳ್ಳುತ್ತದೆ, ಸೊಪ್ಪಾದರೆ ಜಗ್ಗುತ್ತದೆ. ಆರಂಭದಲ್ಲಿ ಅವಳಿಗೆ ಎಲ್ಲವೂ ಒಂದೇ ಆಗಿತ್ತು. ಒಮ್ಮೆ ಏನೋ ಮೆತ್ತಗಿದೆ, ಕೆಸರು ಎಂದಳು. ಅದು ನನ್ನ ಬಾಲ ಎಂದ ಕಾಳಮಾವ. ಬರಬರುತ್ತ ಅವಳ ಬೆರಳ ತುದಿಗೆ ಕಣ್ಣು ಬಂತು.

ಸಂಜೆ ಮಾಚಲೆ ಮೊದಲ ಗಾಳ ಎಸೆದಳು. ಸೀಸ ಇಳಿಯಿತು, ಇಳಿಯಿತು, ತಳ ಮುಟ್ಟಿತು. ಮರಳು. ಆಮೇಲೆ ಸಾಲಾಗಿ ಹಾಸುಗಲ್ಲು. ಇದು ನಮ್ಮ ಬೀದಿ ಎಂದುಕೊಂಡಳು. ನೂಲಿನಲ್ಲಿ ಸಣ್ಣದೊಂದು ತುಡಿತ ಬಂದದ್ದೇ ಅವಳು ಮೈಯೆಲ್ಲ ಹಿಂದಕ್ಕೆ ಬಾಗಿಸಿ ಜಗ್ಗಿದಳು. ಅದು ಕಲ್ಲಿನ ಸಂದಿ. ಗಾಳ ಬರಿದಾಗಿ ಬಂತು.

ಬೂದಿಗಣ್ಣ ಪಕ್ಕದಲ್ಲಿ ನಿಂತಿದ್ದ. ಬಂದದ್ದು ಕಾಣಲಿಲ್ಲ. ಸೊಂಟದಲ್ಲಿದ್ದ ಎರಡು ಸೋರೆ ಬುರುಡೆಗಳಲ್ಲಿ ಒಂದರ ಬಿರಡೆ ತೆಗೆದು, "ನಿನ್ನ ತಾಯಿಯ ದನಿ," ಎಂದ. ಮಾಚಲೆ ತಾಯಿ ಹೇಳಿದ ಮಾತುಗಳನ್ನು ನೆನೆದಳು. ಮಾತುಗಳೆಲ್ಲ ಇದ್ದವು, ದನಿ ಇರಲಿಲ್ಲ.

ಮರುಸಂಜೆ ಎರಡನೆಯ ಗಾಳ ಎಸೆದಳು. ಈ ಸಲ ದುಡುಕಲಿಲ್ಲ. ಬೀದಿಯ ಉದ್ದಕ್ಕೂ ಕುಪ್ಪಳಿಸುತ್ತ ಬಂದ ಸೀಸ ಬಾವಿಯ ಕಟ್ಟೆ ಮುಟ್ಟಿತು, ತುಳಸಿಕಟ್ಟೆ ಮುಟ್ಟಿತು, ಆಮೇಲೆ ಒಂದು ಜಗುಲಿ ಹತ್ತಿತು. ಜಗುಲಿಯ ಅಂಚಿನಲ್ಲಿ ಮುರಿದ ಮೂಲೆ. ಚಿಕ್ಕಂದಿನಲ್ಲಿ ಒನಕೆ ಬೀಳಿಸಿ ತಾನೇ ಮುರಿದದ್ದು. ಮಾಚಲೆ ಮೀನನ್ನು ಮರೆತಳು. ಸೀಸವನ್ನು ಅಲ್ಲಿಯೇ ಇಟ್ಟು, ಕೋಲು ತಗ್ಗಿಸಿ, ಜಗುಲಿಯನ್ನು ಮುಟ್ಟುತ್ತ ನಿಂತುಬಿಟ್ಟಳು. ನೂಲು ಸಡಿಲವಾಯಿತು. ಮೀನು ಬಂದು ಗಾಳವನ್ನು ಬಾಯಿಗೆ ತೆಗೆದುಕೊಂಡು ಉಗಿದದ್ದು ಅವಳಿಗೆ ತಿಳಿಯಲೇ ಇಲ್ಲ. ಎತ್ತಿದಾಗ ಒಂದು ಗರಿ ಕಡಿದುಹೋಗಿತ್ತು.

"ನಿನ್ನ ತಾಯಿಯ ಮುಖ," ಎಂದ ಬೂದಿಗಣ್ಣ. ಎರಡನೆಯ ಬುರುಡೆಯೂ ತುಂಬಿತು.

ಅವಳು ದಡದಲ್ಲಿ ಕೂತಳು. ತಾಯಿಯ ಸೆರಗು ಕಾಣುತ್ತಿತ್ತು, ಹೂ ಕಟ್ಟುವ ಬೆರಳು ಕಾಣುತ್ತಿತ್ತು. ಅದರ ಮೇಲೆ ಏನೂ ಇಲ್ಲ. ಸಾಕು, ಉಳಿದಷ್ಟನ್ನು ಇಟ್ಟುಕೊಂಡು ಗಂಡನ ಮನೆಗೆ ಹೋಗು ಎಂದ ಕಾಳಮಾವ. ಅವಳು ಕೇಳಲಿಲ್ಲ. ಮೀನು ಎಲ್ಲಿದೆಯೆಂದು ಈಗ ಗೊತ್ತಾಗಿದೆ, ಗರಿ ಕಡಿದದ್ದು ನಮ್ಮ ಜಗುಲಿಯಲ್ಲಿ, ಅದು ನಮ್ಮ ಮನೆಯ ಹೊಸಿಲಲ್ಲೇ ಮಲಗುತ್ತದೆ ಎಂದಳು.

ಮೂರನೆಯ ಸಂಜೆ ಬಂತು. ಸೀಸ ಬೀದಿ ದಾಟಿತು, ಬಾವಿ ದಾಟಿತು, ಜಗುಲಿ ಹತ್ತಿತು. ಮುರಿದ ಮೂಲೆಯ ಹತ್ತಿರ ಅವಳ ಕೈ ನಿಲ್ಲಬಯಸಿತು. ಅವಳು ನಿಲ್ಲಿಸಲಿಲ್ಲ. ಮರದ ಹೊಸಿಲು ಸಿಕ್ಕಿತು. ಕಲ್ಲಿಗಿಂತ ಮಿದು, ಕೆಸರಿಗಿಂತ ಗಟ್ಟಿ. ಇನ್ನೇನು ಮಾಡಬೇಕೆಂದು ಕಾಳಮಾವ ಹೇಳಬೇಕಾಗಿರಲಿಲ್ಲ. ತವರಿಗೆ ಬಂದ ಮಗಳು ಏನು ಮಾಡಬೇಕೆಂಬುದು ಅವಳಿಗೆ ಗೊತ್ತಿತ್ತು.

ಎತ್ತಿ ಬಿಟ್ಟಳು, ಸೀಸ ಒಮ್ಮೆ ತಟ್ಟಿತು. ಎತ್ತಿ ಬಿಟ್ಟಳು, ಇನ್ನೊಮ್ಮೆ ತಟ್ಟಿತು. ಆಮೇಲೆ ನೂಲನ್ನು ಬಿಗಿಯಾಗಿ ಹಿಡಿದು ಕಾದಳು. ಕೂಗಲಿಲ್ಲ, ಜಗ್ಗಲಿಲ್ಲ. ಮತ್ತೆ ತುಸುವೇ ಎತ್ತಿ ಬೀಳಲು ಬಿಟ್ಟಳು. ಬೀಳುತ್ತಿದ್ದ ಸೀಸ ತಳ ಮುಟ್ಟಲಿಲ್ಲ. ಯಾರೋ ಒಳಗಿನಿಂದ ಚಿಲಕ ಸರಿಸಿದಂತೆ ನೂಲಿನಲ್ಲಿ ಒಂದು ಸಣ್ಣ ಸದ್ದು ಬಂತು.

ಮಾಚಲೆ ಕೋಲನ್ನು ಆಕಾಶಕ್ಕೆ ಎತ್ತಿದಳು.

ಬಿದಿರು ಬಿಲ್ಲಾಯಿತು. ಮೀನು ಜಗುಲಿಯಿಂದ ಬೀದಿಗೆ, ಬೀದಿಯಿಂದ ಬಾವಿಗೆ ಎಳೆದಾಡಿತು. ಬೂದಿಗಣ್ಣ ಹೆದರಿದ. ಮೊದಲ ಬುರುಡೆಯ ಬಾಯನ್ನು ನೀರಿಗೆ ಹಿಡಿದು ಒಳಗಿದ್ದ ದನಿ ಮೀನಿನ ಬಾಯಿಂದ ಬಂದಂತೆ ಮಾಡಿದ.

"ಮಾಚೀ, ಬಾಯಿ ಹರಿಯುತ್ತಿದೆ ಕಂದಾ. ನಾನು ನಿನ್ನವ್ವ. ನೂಲು ಬಿಡು."

ದಡದಲ್ಲಿ ಕಾಳಮಾವ ಕಣ್ಣು ಮುಚ್ಚಿಕೊಂಡ. ಆ ದನಿಯನ್ನು ಊರಿನಲ್ಲಿ ಅರಿಯದವರಿರಲಿಲ್ಲ. ಆದರೆ ಮಾಚಲೆ ತಿರುಗಿಯೂ ನೋಡಲಿಲ್ಲ. ಯಾರೋ ಗುರುತಿಲ್ಲದ ಹೆಂಗಸು ಎಂದುಕೊಂಡಳು. ಅವನು ಕಿತ್ತುಕೊಂಡ ದನಿ ಅವಳನ್ನು ತಡೆಯಲಾರದೆ ಹೋಯಿತು.

ಮೀನು ದಡಕ್ಕೆ ಬಂತು. ಅಗಲ ಬಾಯಿ ತೆರೆದು ಕಂಚಿನ ನಾಲಿಗೆಯನ್ನು ಹುಲ್ಲಿನ ಮೇಲೆ ಕಕ್ಕಿತು. ಮಾಚಲೆ ಕೊಕ್ಕೆ ಬಿಡಿಸಿ ಮೀನನ್ನು ನೀರಿಗೆ ಬಿಟ್ಟಳು. ಎದೆಮಟ್ಟ ನೀರಿನಲ್ಲಿ ನಡೆದು ಹೋಗಿ ಆ ನಾಲಿಗೆಯಿಂದ ಗಂಟೆಯನ್ನು ಹೊಡೆದಳು.

ಮೊದಲು ಬುರುಡೆಗಳು ಒಡೆದವು. ಆಮೇಲೆ ಬೂದಿಗಣ್ಣನ ನೆರಳು ಕರಗಿತು, ಆಮೇಲೆ ಅವನೂ ಕರಗಿದ. ನೀರುನಾಯಿ ಎದ್ದು ನಿಂತು ಮುದುಕನಾಯಿತು, ಹಿಂದೆ ಬಾಲವಿದೆಯೇ ಎಂದು ಕಾಳಮಾವ ಮುಟ್ಟಿ ನೋಡಿಕೊಂಡ. ನೀರು ಇಳಿಯಿತು. ನಿಂತಿದ್ದ ದನಗಳು ಕಿವಿ ಒದರಿ ಮನೆಯ ಕಡೆ ಹೊರಟವು, ಅವುಗಳ ಹಿಂದೆ ಮಕ್ಕಳು ಹೊರಟರು.

ಮಾಚಲೆ ಒದ್ದೆ ಸೀರೆಯಲ್ಲಿ ಬೀದಿ ದಾಟಿದಳು, ಬಾವಿ ದಾಟಿದಳು, ಜಗುಲಿ ಹತ್ತಿದಳು. ಹೊಸಿಲಿಗೆ ಎರಡು ಸಲ ತಟ್ಟಿ ನಿಂತಳು. ಒಳಗಿನಿಂದ ಚೆಂಬು ಹಿಡಿದು ಒಬ್ಬ ಹೆಂಗಸು ಬಂದಳು. ಕಾಲಿಗೆ ನೀರು ಬಿದ್ದಾಗ ಮುಖ ನೆನಪಾಯಿತು. ದನಿ ಇನ್ನೂ ಬಂದಿರಲಿಲ್ಲ. ಮಾಚಲೆ ಕಾದಳು.

"ಗಂಟೆ ಹೊಡೆದು ಎಷ್ಟು ಹೊತ್ತಾಯಿತು," ಎಂದಳು ತಾಯಿ, "ಈಗ ಬಂದೆಯಾ?"

ಮಾಚಲೆ ಸುರಗಿ ಹೂವಿನ ಕಾಲ ಮುಗಿಯುವವರೆಗೆ ತವರಿನಲ್ಲಿದ್ದು, ಮತ್ತೆ ಏಳು ಬೆಟ್ಟ ದಾಟಿ ಹೋದಳು. ಸುರಗಿಪುರದವರು ಸುರಗಿಪುರದಲ್ಲಿ ಸುಖವಾಗಿದ್ದರು. ಬೆಟ್ಟಗಳ ಆಚೆ ಮಾಚಲೆಯೂ ಸುಖವಾಗಿದ್ದಳು, ಸಂಜೆಯ ಹೊತ್ತೊಂದನ್ನು ಬಿಟ್ಟು.