ರಥಸಪ್ತಮಿಗೆ ಮೊದಲ ಶುಕ್ರವಾರ

"ಸಹೀ ಜುಳತ್ ನಾಹೀ," ಎಂದು ನಿರುಪಮಾ ಚೆಕ್ಕನ್ನು ಕಿಟಕಿಯಿಂದ ಆಚೆಗೆ ತಳ್ಳಿದಳು.

ಧಾರವಾಡದಿಂದ ನಾಸಿಕಕ್ಕೆ ವರ್ಗವಾಗಿ ಬಂದು ಹನ್ನೆರಡು ದಿನವಾಗಿತ್ತು. ಸಹಿ ಹೊಂದುವುದಿಲ್ಲ ಎಂಬ ಆ ಒಂದು ವಾಕ್ಯವನ್ನು ಮಾತ್ರ ಅವಳು ಮರಾಠಿಯಲ್ಲಿ ತಪ್ಪಿಲ್ಲದೆ ಹೇಳುತ್ತಿದ್ದಳು. ಹಾಗಾಗಿ ಅದನ್ನು ಸ್ವಲ್ಪ ಹೆಚ್ಚೇ ಗತ್ತಿನಿಂದ ಹೇಳುತ್ತಿದ್ದಳು.

ಕಿಟಕಿಯ ಆಚೆ ನಿಂತಿದ್ದ ಯುವಕನ ಮುಖ ಕೆಂಪಾಯಿತು. ಇದು ತನ್ನ ತಾಯಿಯ ಖಾತೆ, ತಾಯಿಯೇ ಮಾಡಿದ ಸಹಿ, ಮುಂಬಯಿಯ ಆಸ್ಪತ್ರೆಗೆ ನಾಳೆ ಬೆಳಿಗ್ಗೆ ಹೊರಡಬೇಕು ಎಂದು ಮರಾಠಿಯಲ್ಲಿ ದಬಾಯಿಸಿದ. ನಿರುಪಮಾ ಮತ್ತೆ ಅದೇ ವಾಕ್ಯ ಹೇಳಿದಳು. ಅವನು ಹಣೆ ಚಚ್ಚಿಕೊಂಡು ತನ್ನಷ್ಟಕ್ಕೇ ಗೊಣಗಿದ.

"ಇವರಿಗೆ ಅಮ್ಮನ ಕೈಯನ್ನೇ ತಂದು ತೋರಿಸಬೇಕಾ ಎಂತ?"

ಕನ್ನಡ! ನಿರುಪಮಾ ಆಗ ತಲೆ ಎತ್ತಿದಳು.

"ತೋರಸ್ರಿ," ಎಂದಳು. "ನಾನ ಬರ್ತೀನಿ. ಎಲ್ಲಿಗೆ ಬರ್ಬೇಕು ಹೇಳ್ರಿ."

ಅವನು ಚೀಟಿಯೊಂದರ ಮೇಲೆ ವಿಳಾಸ ಬರೆದು ಕಿಟಕಿಯಿಂದ ಒಳಗೆ ತಳ್ಳಿದ.

ಇದು ನಡೆದದ್ದು ಎಂಬತ್ತೇಳರ ಸೆಪ್ಟೆಂಬರಿನಲ್ಲಿ. ನಾಸಿಕದ ರವಿವಾರ ಕಾರಂಜಾ ಎಂಬ ಪೇಟೆಯ ಆ ಬ್ಯಾಂಕಿನಲ್ಲಿ ಆಗ ಕಂಪ್ಯೂಟರ್ ಇರಲಿಲ್ಲ. ಸಹಿಯ ಕಾರ್ಡನ್ನು ಕೈಚೀಲದಲ್ಲಿಟ್ಟುಕೊಂಡು, ಮ್ಯಾನೇಜರರ ಒಪ್ಪಿಗೆ ಪಡೆದು, ಊಟದ ಬಿಡುವಿನಲ್ಲಿ ಗ್ರಾಹಕರ ಮನೆಗೆ ಹೋಗಿಬರುವ ಕಾಲ ಅದು. ಬೈಯಬೇಕೆನಿಸಿದರೂ ಮುಖ ನೋಡಿಯೇ ಬೈಯಬೇಕಿತ್ತು.

ಅವನ ಹೆಸರು ರತ್ನಾಕರ. ಕುಂದಾಪುರದ ಕಡೆಯಿಂದ ಮೂವತ್ತು ವರ್ಷದ ಹಿಂದೆ ಬಂದು ನಾಸಿಕದಲ್ಲಿ ಹೋಟೆಲು ಹಾಕಿದ ಹರಿದಾಸರ ಒಬ್ಬನೇ ಮಗ. ಹೋಟೆಲಿನ ಮೇಲೆಯೇ ಮನೆ. ನಿರುಪಮಾ ಮೆಟ್ಟಿಲು ಹತ್ತಿ ಹೋದಾಗ ಅವನ ತಾಯಿ ಜಲಜಾಕ್ಷಿ ದಿಂಬಿನ ಮೇಲೆ ಬಲಗೈ ಇಟ್ಟುಕೊಂಡು ಕೂತಿದ್ದರು. ಆ ಕೈ ಭುಜದಿಂದ ಬೆರಳಿನವರೆಗೆ ಊದಿಕೊಂಡಿತ್ತು. ಬಳೆಗಳನ್ನೆಲ್ಲ ತೆಗೆದು ಎಡಗೈಗೆ ತುಂಬಿದ್ದರು.

ಮನೆಯವರೆಲ್ಲ 'ಮುಂಬಯಿಯ ಟ್ರೀಟ್‌ಮೆಂಟ್' ಎಂದು ಸುತ್ತಿ ಬಳಸಿ ಹೇಳುತ್ತಿದ್ದುದನ್ನು ಅವರು ಹೆಸರಿಟ್ಟೇ ಹೇಳಿದರು. ಎದೆಯ ಕ್ಯಾನ್ಸರ್, ಆಪರೇಷನ್ ಆಗಿದೆ, ಅದರ ಮೇಲೆ ಕೈ ಊದಿದೆ, ಪೆನ್ನು ಹಿಡಿದರೆ ಜಾರುತ್ತದೆ, ಇನ್ನು ತಿಂಗಳಿಗೊಮ್ಮೆ ಆರು ಸಲ ಇಂಜೆಕ್ಷನ್.

"ಸಹಿ ಸೊಟ್ಟ ಆಯ್ತು ಮಗಾ. ನಾನು ನೆಟ್ಟಗೇ ಇದ್ದೇನೆ," ಎಂದು ನಕ್ಕರು.

ನಿರುಪಮಾಳ ಗತ್ತೆಲ್ಲ ಇಳಿದುಹೋಯಿತು. ಹೊಸ ಸಹಿ ಪಡೆದು, ತಾನೇ ಸಾಕ್ಷಿ ಹಾಕಿ ಇಳಿದು ಬರುವಾಗ ರತ್ನಾಕರ ಮೆಟ್ಟಿಲ ಬುಡದಲ್ಲಿ ಕಾಫಿ ಲೋಟ ಹಿಡಿದು ನಿಂತಿದ್ದ. ಕ್ಷಮೆ ಕೇಳಲು ಅವನಿಗೆ ಬರುತ್ತಿರಲಿಲ್ಲ. ಕಾಫಿಯೇ ಕ್ಷಮೆ ಎಂದು ಅವಳು ಅರ್ಥ ಮಾಡಿಕೊಂಡಳು.

ಆಮೇಲೆ ನಡೆದದ್ದನ್ನು ಹೇಳಬೇಕೇ? ಮಧ್ಯಾಹ್ನದ ಊಟ ಹೋಟೆಲಿನಲ್ಲಾಯಿತು. ಹೋಟೆಲಿನ ಊಟ ಮೇಲಿನ ಮನೆಯ ಊಟವಾಯಿತು. ಜಲಜಾಕ್ಷಿಯವರ ಕೂದಲು ಉದುರತೊಡಗಿದಾಗ ಉಳಿದ ನಾಲ್ಕು ಎಳೆಗೆ ಎಣ್ಣೆ ಹಚ್ಚಿ ಹೆಣೆಯುತ್ತಿದ್ದವಳು ನಿರುಪಮಾ. ರತ್ನಾಕರ ಬಾಗಿಲಲ್ಲಿ ನಿಂತು ಅದನ್ನು ನೋಡುತ್ತಿದ್ದ. ಅವಳು ತಿರುಗಿದರೆ, ಬೇರೇನೋ ಹುಡುಕುತ್ತಿರುವವನಂತೆ ಕಪಾಟು ತೆರೆಯುತ್ತಿದ್ದ.

'ಇಂವಾ ಯಾವಾಗ ಬಾಯಿ ಬಿಡ್ತಾನೊ...' ಎಂದು ನಿರುಪಮಾ ಕಾದಳು. ಕಾಯುವುದೂ ಹಿತವಾಗಿಯೇ ಇತ್ತು.

ಎಂಬತ್ತೆಂಟರ ಸಂಕ್ರಾಂತಿ ಬಂತು. ಅದರಿಂದ ರಥಸಪ್ತಮಿಯವರೆಗೆ ಆ ಊರಿನ ಹೆಂಗಸರಿಗೆ ಹಳದಿ ಕುಂಕುಮದ ಸಡಗರ. ಒಬ್ಬರ ಮನೆಗೊಬ್ಬರು ಹೋಗಿ, ಅರಿಶಿನ ಕುಂಕುಮ ಹಚ್ಚಿಸಿಕೊಂಡು, ಎಳ್ಳುಬೆಲ್ಲ ತಿಂದು ಬರುವುದು. ಜಲಜಾಕ್ಷಿಯವರು ನಾಸಿಕಕ್ಕೆ ಬಂದಾಗಿನಿಂದ ಒಂದು ವರ್ಷವೂ ತಪ್ಪಿಸಿರಲಿಲ್ಲ.

ಆ ವರ್ಷ ತಪ್ಪಿಸಬೇಕಿತ್ತು. ಐದನೇ ಇಂಜೆಕ್ಷನ್ ಆಗಷ್ಟೇ ಆಗಿತ್ತು. ಔಷಧ ಕ್ಯಾನ್ಸರನ್ನು ಕೊಲ್ಲುವಾಗ ಸೋಂಕಿನೊಡನೆ ಹೋರಾಡುವ ಬಿಳಿ ರಕ್ತಕಣಗಳನ್ನೂ ಕೊಲ್ಲುತ್ತದೆ, ಹತ್ತನೇ ದಿನದಿಂದ ನಾಲ್ಕೈದು ದಿನ ಮೈಯಲ್ಲಿ ಏನೂ ತ್ರಾಣ ಇರುವುದಿಲ್ಲ, ಆಗ ಜನರ ನಡುವೆ ಕೂರಬೇಡಿ ಎಂದು ಡಾಕ್ಟರು ಹೇಳಿ ಕಳಿಸಿದ್ದರು. ಅದೂ ಅಲ್ಲದೆ ಊರಲ್ಲಿ ಫ್ಲೂ ಹಬ್ಬಿತ್ತು. ಇಗತಪುರಿಯ ರೈಲ್ವೆ ಕ್ವಾರ್ಟರ್ಸಿನಿಂದ ಮಾಲೇಗಾಂವಿನ ಮಗ್ಗದ ಗಲ್ಲಿಗಳವರೆಗೆ ಮನೆಗೆ ಇಬ್ಬರಂತೆ ಮಲಗಿದ್ದರು.

ಆದರೆ ಪಂಚಾಂಗಕ್ಕೆ ಡಾಕ್ಟರ ಲೆಕ್ಕ ಗೊತ್ತಿರಲಿಲ್ಲ. ರಥಸಪ್ತಮಿ ದಾಟಿದರೆ ಹಳದಿ ಕುಂಕುಮ ಇಲ್ಲ. ಉಳಿದದ್ದು ಒಂದೇ ಶುಕ್ರವಾರ. ಅದು ಇಂಜೆಕ್ಷನ್ನಿನ ಹನ್ನೊಂದನೇ ದಿನ.

ರತ್ನಾಕರ ಬೇಡವೆಂದ. ಹರಿದಾಸರು ಬೇಡವೆಂದರು. ಜಲಜಾಕ್ಷಿ ಕೇಳಲಿಲ್ಲ. ಮುಂದಿನ ವರ್ಷದ ಮಾತು ಯಾರು ಕಂಡಿದ್ದಾರೆ ಎಂದರು. ನಿರುಪಮಾಳನ್ನು ನಾಲ್ಕು ಹೆಂಗಸರ ಮುಂದೆ ಪಕ್ಕದಲ್ಲಿ ಕೂರಿಸಿಕೊಳ್ಳುವ ಆಸೆ ಅವರಿಗೆ. ಅದು ಗೊತ್ತಾಗಿ ರತ್ನಾಕರನೂ ಸುಮ್ಮನಾದ.

ಗುರುವಾರ ಸಂಜೆ ನಿರುಪಮಾಳ ಮೈ ಕಾದಿತ್ತು. ಗಂಟಲು ಕೆರೆಯುತ್ತಿತ್ತು. ಅವಳ ಜೊತೆ ರೂಮು ಹಂಚಿಕೊಂಡಿದ್ದ, ಅದೇ ಬ್ಯಾಂಕಿನ ಮಂದಾಕಿನಿ ಹೋಗಬೇಡ ಎಂದಳು. ಆದರೆ ಕುಂಕುಮಕ್ಕೆ ಕರೆದರೆ ಇಲ್ಲವೆನ್ನುವುದು ನಿರುಪಮಾ ಬೆಳೆದ ಮನೆಯಲ್ಲಿ ಇರಲಿಲ್ಲ. ಅದರಲ್ಲೂ ಈ ಕುಂಕುಮ! ಎರಡು ಗುಳಿಗೆ ನುಂಗಿದಳು. ಮರುದಿನ ಮಧ್ಯಾಹ್ನಕ್ಕೆ ಬೆವರು ಬಂದು ಜ್ವರ ಬಿಟ್ಟಂತಾಯಿತು. ಇಳಕಲ್ ಸೀರೆ ಉಟ್ಟು ಹೋದಳು.

ತಲೆಗೆ ಸೆರಗು ಹೊದ್ದು ಕೂತಿದ್ದ ಜಲಜಾಕ್ಷಿ ಎಡಗೈಯಲ್ಲಿ ಅವಳಿಗೆ ಕುಂಕುಮವಿಟ್ಟರು. ಬಂದವರೆಲ್ಲ ಹೋಗುವವರೆಗೂ ಪಕ್ಕದಿಂದ ಏಳಲು ಬಿಡಲಿಲ್ಲ.

ಭಾನುವಾರ ಜಲಜಾಕ್ಷಿಗೆ ಜ್ವರ. ಮಂಗಳವಾರ ನ್ಯುಮೋನಿಯಾ.

ಆಸ್ಪತ್ರೆಯ ಕಾರಿಡಾರಿನಲ್ಲಿ ನಿರುಪಮಾ ಹೇಳಿಬಿಡಬೇಕೆಂದೇ ಹೋಗಿದ್ದಳು. ರತ್ನಾಕರ ಗೋಡೆಗೆ ಹಣೆ ಒತ್ತಿ ನಿಂತಿದ್ದ. ಅವಳು ಹತ್ತಿರ ಹೋದದ್ದು ತಿಳಿದರೂ ತಿರುಗಲಿಲ್ಲ.

"ಆ ಜ್ವರ ಮನೆಗೆ ತಂದವರ ಮುಖ ನೋಡ್ಲಿಕ್ಕೆ ನನ್ನಿಂದ ಆಗುದಿಲ್ಲ," ಎಂದ.

'ಗೊತ್ತಾಗೇದ. ಇವರಿಗೆ ಗೊತ್ತಾಗೇದ...' ನಿರುಪಮಾ ಬಂದ ದಾರಿಯಲ್ಲೇ ತಿರುಗಿ ನಡೆದಳು.

ಜಲಜಾಕ್ಷಿ ಆ ಸಲ ಉಳಿದರು. ಆದರೆ ಎರಡು ತಿಂಗಳು ಕ್ಯಾನ್ಸರಿನ ಔಷಧ ನಿಂತುಹೋಯಿತು. ಆರನೇ ಇಂಜೆಕ್ಷನ್ ತಡೆಯುವ ಶಕ್ತಿ ಅವರ ಮೈಗೆ ಮತ್ತೆ ಬರಲೇ ಇಲ್ಲ. ಅಷ್ಟರಲ್ಲಿ ನಿರುಪಮಾ ತಾನೇ ಕೇಳಿಕೊಂಡು ವರ್ಗ ಮಾಡಿಸಿಕೊಂಡಿದ್ದಳು. ಹೋಗಿಬರುತ್ತೇನೆ ಎಂದು ಹೇಳಲೂ ಆ ಮನೆಯ ಮೆಟ್ಟಿಲು ಹತ್ತಲಿಲ್ಲ.

ಮರುವರ್ಷ ಬೇಸಿಗೆಯಲ್ಲಿ ಕ್ಯಾನ್ಸರ್ ಶ್ವಾಸಕೋಶಕ್ಕೆ ಬಂತು, ಜಲಜಾಕ್ಷಿ ಹೋಗಿಬಿಟ್ಟರು ಎಂದು ಮಂದಾಕಿನಿ ಕಾಗದ ಬರೆದಳು. ಅದನ್ನು ಓದಿದ ದಿನ ನಿರುಪಮಾ ಊಟ ಮಾಡಲಿಲ್ಲ. ಆ ಎರಡು ಗುಳಿಗೆ ನುಂಗದೆ, ಚಾದರ ಹೊದ್ದು ರೂಮಿನಲ್ಲೇ ಮಲಗಿದ್ದರೆ?

ಅವಳಿಗೆ ವರ್ಗವಾಗಿದ್ದ, ಈಗ ಛತ್ರಪತಿ ಸಂಭಾಜಿನಗರ ಎನ್ನುವ ಊರು ಆಗ ಔರಂಗಾಬಾದ್. ಗುಲ್ಮಂಡಿಯ ಹತ್ತಿರ ಶಾಂತಾಬಾಯಿ ಎಂಬ ವಿಧವೆಯ ವಾಡೆಯಲ್ಲಿ ನಿರುಪಮಾಳಿಗೆ ಒಂದು ಕೋಣೆ. ನಡುವೆ ಕಲ್ಲು ಹಾಸಿದ ಅಂಗಳ, ಅಂಗಳದಲ್ಲಿ ನಲ್ಲಿ. ಒಳ್ಳೆಯ ಊರು, ಒಳ್ಳೆಯ ಜನ. ಧಾರವಾಡದಿಂದ ಬಂದ ಗಂಡುಗಳನ್ನು ಮಾತ್ರ ಅವಳು ಒಂದೊಂದಾಗಿ ಬೇಡವೆಂದಳು. ಕಾರಣ ಕೇಳಿದರೆ ಹೇಳಲಿಲ್ಲ.

ಅವಳ ಒಂದು ಅಭ್ಯಾಸ ಬ್ಯಾಂಕಿನಲ್ಲಿ ನಗೆಪಾಟಲಾಗಿತ್ತು. ಒಂದು ಸೀನು ಬಂದರೂ ರಜೆ! ನೆಗಡಿ ಪೂರ್ತಿ ಹೋಗುವವರೆಗೆ ಅಂಗಳಕ್ಕೂ ಬರುತ್ತಿರಲಿಲ್ಲ. ಶಾಂತಾಬಾಯಿ ಮೊದಮೊದಲು ಬೈದರು. ಆಮೇಲೆ ರೂಢಿಯಾಗಿ, ತಟ್ಟೆಯನ್ನು ಹೊಸ್ತಿಲ ಹೊರಗಿಟ್ಟು ಹೋಗುತ್ತಿದ್ದರು.

ತೊಂಬತ್ತೊಂದರ ಜನವರಿಯಲ್ಲಿ ಒಂದು ಮಧ್ಯಾಹ್ನ. ನಿರುಪಮಾ ನೆಗಡಿಯ ರಜೆಯಲ್ಲಿ ಹೊಸ್ತಿಲ ಮೆಟ್ಟಿಲ ಮೇಲೆ ಬಿಸಿಲು ಕಾಯುತ್ತ ಕೂತಿದ್ದಳು. ವಾಡೆಯ ದೊಡ್ಡ ಬಾಗಿಲಲ್ಲಿ ಯಾರೋ ಬಗ್ಗಿ ಒಳಗೆ ಬಂದರು. ಬಸ್ಸಿನ ಧೂಳು ಮೆತ್ತಿದ ಗಡ್ಡ, ಸೊರಗಿದ ಮುಖ.

ಗುರುತು ಸಿಗಲು ಅವಳಿಗೆ ಗಡ್ಡ ಅಡ್ಡ ಬರಲಿಲ್ಲ. ಎದ್ದು ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳಬೇಕೆನಿಸಿತು. ಕೂತಲ್ಲೇ ಸೆರಗನ್ನು ಬಿಗಿಯಾಗಿ ಹೊದ್ದುಕೊಂಡಳು.

ರತ್ನಾಕರ ಅಂಗಳದ ಆ ತುದಿಯಲ್ಲಿ, ನಲ್ಲಿಯ ಕಟ್ಟೆಯ ಮೇಲೆ ಕೂತ. ಮೊನ್ನೆ ಮಂದಾಕಿನಿ ಹೋಟೆಲಿಗೆ ಊಟಕ್ಕೆ ಬಂದಿದ್ದಳಂತೆ. ನಿರುಪಮಾ ಯಾಕೆ ಹಾಗೆ ಹೊರಟುಹೋದರು ಎಂದು ಇವನು ಮೂರು ವರ್ಷದ ಮೇಲೆ ಬಾಯಿಬಿಟ್ಟು ಕೇಳಿದನಂತೆ. ಆ ಶುಕ್ರವಾರದ ಜ್ವರವನ್ನು ನಿರುಪಮಾ ಮನಸ್ಸಿಗೆ ಹಚ್ಚಿಕೊಂಡದ್ದನ್ನು ಅವಳು ಹೇಳಿದಳಂತೆ. ಇವತ್ತು ಬೆಳಗಿನ ಮೊದಲ ಬಸ್ಸು ಹತ್ತಿದೆ ಎಂದ.

ಇನ್ನು ಮುಚ್ಚಿಡಲು ಏನೂ ಉಳಿದಿರಲಿಲ್ಲ.

"ನನಗ ಜ್ವರಾ ಇತ್ರಿ ಆವತ್ತು," ಎಂದಳು. "ಗುಳಿಗಿ ನುಂಗಿ ಬಂದೆ. ನಾನ ತಂದಿದ್ದು. ನೀವು ಅಂದಿದ್ದು ಖರೇನ ಅದ, ನನ್ನ ಮುಖಾ ನೋಡೂ ಹಂಗ ಇಲ್ಲ."

"ನಿಮ್ಮ ಮುಖ ಅಂತ ಯಾರು ಹೇಳಿದ್ದು?"

ರತ್ನಾಕರ ಕಟ್ಟೆಯ ತುದಿಗೆ ಸರಿದು ಕೂತ.

"ನನ್ನ ಮುಖವನ್ನೇ ಹೇಳಿದ್ದು ನಾನು. ಮಾಲೇಗಾಂವಿಗೆ ಹೋಗಿ ಬಂದ ಬುಧವಾರವೇ ನನಗೆ ಜ್ವರ ಉಂಟು. ಹೇಳಿದ್ರೆ ಶುಕ್ರವಾರದ್ದು ನಿಂತುಹೋಗ್ತಿತ್ತು. ನೀವು ಬರ್ತಿರ್ಲಿಲ್ಲ. ಅದಕ್ಕೆ ಯಾರಿಗೂ ಹೇಳ್ಲಿಲ್ಲ. ಆಸ್ಪತ್ರೆಯಲ್ಲಿ ಡಾಕ್ಟರು, ಮನೆಯಲ್ಲಿ ಯಾರಿಗಾದ್ರೂ ಜ್ವರ ಇತ್ತಾ ಕೇಳಿದ್ರು. ಇಲ್ಲ ಅಂದೆ."

ನಿರುಪಮಾ ಅವನನ್ನೇ ನೋಡಿದಳು. ಮೂರು ವರ್ಷ... ಇವರೂ!

ಬುಧವಾರ ತಾನು ಹೋಟೆಲಿನಲ್ಲಿ ಊಟ ಮಾಡಿದ್ದೆ, ತನ್ನಿಂದಲೇ ನಿಮಗೆ ಬಂದಿರಬೇಕು ಎಂದು ಅವಳು ವಾದಿಸಿದಳು. ಅಲ್ಲ, ತನ್ನಿಂದಲೇ ನಿಮಗೆ ಬಂದದ್ದು ಎಂದು ಅವನು ಪಟ್ಟು ಹಿಡಿದ. ತಪ್ಪನ್ನು ಬೇರೆಯವರ ಮೇಲೆ ಹಾಕಲು ಜಗಳವಾಡುವವರನ್ನು ಆ ವಾಡೆ ಬೇಕಾದಷ್ಟು ಕಂಡಿತ್ತು. ಎಳೆದುಕೊಳ್ಳಲು ಜಗಳವಾಡಿದವರು ಇವರೇ ಮೊದಲಿರಬೇಕು.

ಕೊನೆಗೆ ಅವನೇ ಸೋತು, ಮುಂಬಯಿಯ ಡಾಕ್ಟರ ಮಾತು ಹೇಳಿದ. ತಾಯಿ ಹೋದ ಮೇಲೆ ಒಮ್ಮೆ ಹೋಗಿ ಅವರ ಮುಂದೆ ಎಲ್ಲ ಒಪ್ಪಿಕೊಂಡಿದ್ದನಂತೆ. ಅಂದು ಮನೆಗೆ ಬಂದ ಹೆಂಗಸರಲ್ಲಿ ಯಾರಿಂದಲೂ ಬಂದಿರಬಹುದು, ಕೆಳಗಿನ ಹೋಟೆಲಿನಿಂದಲೂ ಬಂದಿರಬಹುದು ಎಂದರಂತೆ ಅವರು. ಔಷಧ ನಿಂತದ್ದರಿಂದ ಕೆಟ್ಟದ್ದಾಯಿತು ನಿಜ. ನಿಲ್ಲದಿದ್ದರೆ ಕ್ಯಾನ್ಸರ್ ಮರಳುತ್ತಿರಲಿಲ್ಲ ಎಂದು ಪ್ರಮಾಣ ಮಾಡಿ ಹೇಳಲು ತನಗೂ ಆಗುವುದಿಲ್ಲ ಎಂದರಂತೆ.

"ಅಮ್ಮಾರಿಗೆ ಗೊತ್ತಿತ್ತೇನ್ರಿ?" ನಿರುಪಮಾ ಮೆಲ್ಲಗೆ ಕೇಳಿದಳು.

ರತ್ನಾಕರ ತೊಟ್ಟಿಕ್ಕುತ್ತಿದ್ದ ನಲ್ಲಿಯನ್ನು ಬಿಗಿ ಮಾಡಿದ.

"ನನ್ನದು ಗೊತ್ತಿತ್ತೋ ಇಲ್ವೋ. ನಿಮ್ಮದು ಗೊತ್ತಿತ್ತು. ಕುಂಕುಮ ಇಡುವಾಗ ಹುಡುಗಿಯ ಹಣೆ ಸುಡ್ತಿತ್ತು ಅಂತ ಕೊನೆಕೊನೆಗೆ ಹೇಳಿದ್ರು. ಮತ್ತೆ ಯಾಕಮ್ಮ ಪಕ್ಕದಲ್ಲೇ ಕೂರಿಸಿಕೊಂಡದ್ದು ಅಂದೆ. ಮೈ ಸುಡುವಾಗಲೂ ನನಗೋಸ್ಕರ ಬಂದವಳನ್ನು ದೂರ ಕೂತ್ಕೋ ಅನ್ಲಿಕ್ಕೆ ಆಗ್ತದಾ ಅಂದ್ರು. ನಿಮ್ಮನ್ನು ಹೊಗಳ್ತಾ ಇದ್ದಾರೆ ಅಂತಲೇ ತಿಳ್ಕೊಂಡೆ ನಾನು. ಆ ಒಂದು ಜ್ವರವನ್ನು ನೀವು ಇಷ್ಟು ವರ್ಷ ಹೊತ್ತುಕೊಂಡಿದ್ದೀರಿ ಅಂತ ಮೊನ್ನೆಯವರೆಗೆ ಗೊತ್ತೇ ಇರ್ಲಿಲ್ಲ."

ನಿರುಪಮಾಳ ಕಣ್ಣಿನಿಂದ ನೀರು ಹರಿಯಿತು. ಕಾಗದ ಬಂದ ದಿನವೂ ಅವಳು ಅತ್ತಿರಲಿಲ್ಲ. ಕೊಂದವರಿಗೆ ಅಳುವ ಹಕ್ಕಿಲ್ಲ ಎಂದುಕೊಂಡಿದ್ದಳು. ಈಗ ಆ ತಾಯಿಗಾಗಿ, ತನಗಾಗಿ, ಎದುರಿಗೆ ಕೂತಿದ್ದ ಈ ಪೆದ್ದನಿಗಾಗಿ ಒಟ್ಟಿಗೇ ಅತ್ತಳು. ಒಳಗಿನಿಂದ ಇಣುಕಿದ ಶಾಂತಾಬಾಯಿ ಏನು ತಿಳಿದರೋ, ಸದ್ದಿಲ್ಲದೆ ಅಡುಗೆಮನೆಗೆ ಹೋದರು.

ರತ್ನಾಕರ ತಲೆ ತಗ್ಗಿಸಿ ಕಲ್ಲು ಹಾಸನ್ನು ನೋಡುತ್ತಿದ್ದ. ಬ್ಯಾಂಕಿನಲ್ಲಿ ಅಷ್ಟು ದಬಾಯಿಸಿದವನಿಗೆ ಈಗ ಒಂದು ವಾಕ್ಯ ಕೂಡಿಸಲು ಬಹಳ ಹೊತ್ತು ಹಿಡಿಯಿತು.

"ನೀವು ಅಂದ್ರೆ ನನಗೆ ಇಷ್ಟ. ಆ ಸೆಪ್ಟೆಂಬರಿನಿಂದ. ಅಮ್ಮ ಇರುವಾಗ ಹೇಳಬೇಕಿತ್ತು, ಹೇಳ್ಲಿಲ್ಲ. ನನ್ನನ್ನು ಮದುವೆ ಆಗ್ತೀರಾ?"

"ನಾನೂ ಕಾಯ್ತಿದ್ದೆ," ಎಂದಳು ನಿರುಪಮಾ. "ನಿಮ್ಮ ಮ್ಯಾಲೆ ಜೀವಾ ಇಟ್ಟಾಕಿ ನಾನು. ಹೂಂ ಅನ್ನಾಕ ನಾಚಿಕಿ ಯಾಕ?"

ಅವನು ಎದ್ದು ಅಂಗಳ ದಾಟಿ ಬಂದ. ಅಷ್ಟರಲ್ಲಿ ಅವಳಿಗೆ ಸೀನು ಬಂತು. ಒಂದಲ್ಲ, ಎರಡು. ಸೆರಗಿನಿಂದ ಮುಖ ಮುಚ್ಚಿಕೊಂಡು ಗಾಬರಿಯಿಂದ ಹಿಂದೆ ಸರಿದಳು.

"ಹತ್ರ ಬರಬ್ಯಾಡ್ರಿ! ನೆಗಡಿ ಆಗೇದ ನನಗ. ನಿಮಗೂ ಹತ್ತತದ."

ರತ್ನಾಕರ ಅದೇ ಮೆಟ್ಟಿಲ ಮೇಲೆ, ಅವಳ ಪಕ್ಕಕ್ಕೇ ಬಂದು ನಿಂತ.

"ಹತ್ತಲಿ ಬಿಡಿ," ಎಂದ. "ಈ ಸಲ ಯಾರಿಂದ ಬಂತು ಅಂತ ಆದ್ರೂ ಗೊತ್ತಿರ್ತದೆ."

ನಿರುಪಮಾ ಅಳುತ್ತಲೇ ನಕ್ಕಳು. ಆಮೇಲೆ ಸ್ವಲ್ಪ ಸರಿದು ಅವನಿಗೆ ಕೂರಲು ಜಾಗ ಮಾಡಿಕೊಟ್ಟಳು.