ಪರೀಕ್ಷೆಗೆ ಕಾದಿಟ್ಟ ಹೃದಯ

“ಉಸಿರು ಹಿಡ್ಕೊಳ್ಳಿ,” ಎಂದ ಯುವ ಡಾಕ್ಟರ್, ಸ್ಟೆತಸ್ಕೋಪ್ ಇಟ್ಟು.

“ನೀವು ಹತ್ರ ಬಂದ್ರೆ ಅದು ತಾನಾಗೇ ನಿಲ್ಲುತ್ತೆ,” ಎಂದಳು ಬಟ್ಟೆ ಹೊಲಿಯುವ ಹುಡುಗಿ, ಮಂಚದ ಮೇಲಿಂದ.

ಅವನ ಕಿವಿ ಕೆಂಪಾಯಿತು. ಪಕ್ಕದ ಸ್ಟೂಲಿನಲ್ಲಿದ್ದ ಅವಳ ಚಿಕ್ಕಮ್ಮ, “ದಿನಕ್ಕೆ ಐದು ಸಲ ಕೇಳ್ತೀರಲ್ಲ ಡಾಕ್ಟ್ರೇ, ಒಳಗೇನು ರೇಡಿಯೋ ಇದೆಯಾ?” ಎಂದು ರೇಗಿಸಿದಳು.

ಇದ್ದದ್ದು ಹೃದಯದ ಕಿರಿದಾದ ಕವಾಟದಲ್ಲಿ ರಕ್ತ ನುಗ್ಗುವ ಸದ್ದು, ಪುಸ್ತಕದಲ್ಲಿ ಬರೆದ ಹಾಗೇ. ನೂರು ವರ್ಷದಿಂದ ಬಡವರ ಎದೆಗೆ ಕಿವಿಗೊಟ್ಟು ಡಾಕ್ಟರುಗಳನ್ನು ತಯಾರಿಸಿದ ಆ ದೊಡ್ಡಾಸ್ಪತ್ರೆಯಲ್ಲಿ, ಪರೀಕ್ಷಕರೆದುರು ರೋಗಿಯನ್ನು ತೋರಿಸಿ ವಿವರಿಸಬೇಕಾದವರಿಗೆ ಅಂಥ ಸದ್ದೆಂದರೆ ಭಾರಿ ಬೆಲೆ. ಸೋಮವಾರ ಆಪರೇಷನ್ ಆದರೆ ಸದ್ದು ಹೋಗುತ್ತದೆ, ಅವಳು ಉಳಿಯುತ್ತಾಳೆ.

ಭಾನುವಾರ ಸಂಜೆ ಅವನು ಬಂದು ಅವಳ ಕೈ ಹಿಡಿದ. ನಾಡಿ ನೋಡುವುದಕ್ಕಲ್ಲ.

“ಎರಡೇ ತಿಂಗಳು ತಡೀತೀಯಾ? ಫೈನಲ್ ಪರೀಕ್ಷೆಗೆ ನೀನೇ ನನ್ನ ಕೇಸ್ ಆದ್ರೆ ನಾನು ಗೆದ್ದ ಹಾಗೆ. ಆಮೇಲೆ ಆಪರೇಷನ್, ಆಮೇಲೆ ನಮ್ಮ ಮದುವೆ.”

“ಏನೂ ಆಗಲ್ಲ ತಾನೇ?”

“ನಾನಿದ್ದೀನಲ್ಲ.”

ಆ ಹುಚ್ಚಿಗೆ ಅಷ್ಟು ಸಾಕಾಯಿತು. ಆಪರೇಷನ್ ಬೇಡವೆಂದು ಸಹಿ ಹಾಕಿಕೊಟ್ಟಳು. ಚಿಕ್ಕಮ್ಮ ಹಣೆ ಚಚ್ಚಿಕೊಂಡಳು.

ಪರೀಕ್ಷೆ ಮುಂದಕ್ಕೆ ಹೋಯಿತು, ಮತ್ತೂ ಹೋಯಿತು. ಎಂಟು ತಿಂಗಳಲ್ಲಿ ಅವಳ ಕಾಲುಗಳು ಊದಿಕೊಂಡವು, ನಾಲ್ಕು ಹೆಜ್ಜೆಗೆ ಏದುಸಿರು. ಅವನು ವಾರಕ್ಕೊಮ್ಮೆ ಅವಳ ಮನೆಗೆ ಬರುತ್ತಿದ್ದ, ಮೊದಲು ಎದೆ ಕೇಳುತ್ತಿದ್ದ, ಆಮೇಲೆ ನಗುತ್ತಿದ್ದ. ಆ ನಗುವಿಗಾಗಿ ಅವಳು ತಲೆ ಬಾಚಿಕೊಂಡು ಕಾದಿರುತ್ತಿದ್ದಳು.

ಕೊನೆಗೂ ಪರೀಕ್ಷೆಯ ದಿನ ಬಂತು; ಅವಳನ್ನು ಮತ್ತೆ ಆಸ್ಪತ್ರೆಯ ಮಂಚದ ಮೇಲೆ ಮಲಗಿಸಿದರು. ಬೇರೆ ಊರಿಂದ ಬಂದ ಹಿರಿಯ ಪರೀಕ್ಷಕರೆದುರು ಅವನು ಅವಳ ರೋಗವನ್ನು ನೀರು ಕುಡಿದಷ್ಟು ಸಲೀಸಾಗಿ ವಿವರಿಸಿದ.

“ಆಪರೇಷನ್?” ಎಂದರು ಅವರು.

“ಈಗ ಆಗಲ್ಲ ಸರ್. ಶ್ವಾಸಕೋಶ ಕೆಟ್ಟಿದೆ. ಟೇಬಲ್ ಮೇಲೇ ಹೋಗ್ತಾರೆ.”

ಅವಳಿಗೆ ಅದು ತಿಳಿದದ್ದೇ ಆಗ.

“ಮೊದಲೇ ಯಾಕೆ ಮಾಡ್ಲಿಲ್ಲ?”

“ಪೇಷೆಂಟ್ ಒಪ್ಪಲಿಲ್ಲ ಸರ್.”

ಪರೀಕ್ಷಕರು ಅವಳ ಕಡೆ ತಿರುಗಿದರು. “ಯಾಕಮ್ಮಾ?”

ಅವನನ್ನು ಮುಗಿಸಲು ಒಂದು ಮಾತು ಸಾಕಿತ್ತು. ಅವನ ಮುಖ ನೋಡಿದಳು. ಬಿಳಿಚಿಕೊಂಡಿತ್ತು, ತುಟಿ ಒಣಗಿತ್ತು. ಆ ಹೆದರಿಕೆಯಲ್ಲೂ ಅವನು ಅವಳಿಗೆ ಮುದ್ದಾಗಿಯೇ ಕಂಡ. ಪ್ರೀತಿಸಿದ ಜೀವದ ದರಿದ್ರ ಬುದ್ಧಿ ಅದು.

“ಭಯ ಆಯ್ತು ಸಾರ್,” ಎಂದಳು.

ಪರೀಕ್ಷಕರು “ಛೆ” ಎಂದು ತಲೆಯಾಡಿಸಿ ಅಂಕ ಬರೆದರು. “ಥ್ಯಾಂಕ್ಯೂ ಸರ್,” ಎಂದು ಅವನು ಅವರಿಗೆ ಹೇಳಿ, ಮುಂದಿನ ಬೆಡ್‌ನ ಕಡೆ ನಡೆದ.